ಹೊಲ ನೋಡಿ ಹೆಣ್ಣು ಕೊಟ್ಟ ಕಾಲ: ಐರ್ಲೆಂಡಿನ ಹಳ್ಳಿ ಮದುವೆಗಳು

ಐರಿಷ್ ಮದುವೆಯ ಹೆಸರಿನಲ್ಲಿ ಇಂದು ಮಾರಾಟವಾಗುವ ಸರಕು ಒಂದೆರಡಲ್ಲ. ವಧೂವರರ ಕೈಗಳಿಗೆ ಬಣ್ಣದ ದಾರ ಸುತ್ತುವ 'ಹ್ಯಾಂಡ್‌ಫಾಸ್ಟಿಂಗ್', ಕಿರೀಟ ತೊಟ್ಟ ಹೃದಯವನ್ನು ಎರಡು ಕೈಗಳು ಹಿಡಿದಿರುವ ಕ್ಲಾಡಾ ಉಂಗುರ, ಲಾಳದ ಆಕಾರದ ಬೆಳ್ಳಿ ಪದಕ ಎಲ್ಲಕ್ಕೂ 'ಪುರಾತನ ಕೆಲ್ಟಿಕ್ ಪರಂಪರೆ' ಎಂಬ ಮುದ್ರೆ ಬಿದ್ದಿರುತ್ತದೆ. ಕ್ಲಾಡಾ ಉಂಗುರ ಗಾಲ್ವೇ ಪಟ್ಟಣದ ಅಕ್ಕಸಾಲಿಗರು ಸುಮಾರು 1700ರ ಹೊತ್ತಿಗೆ ಮಾಡತೊಡಗಿದ್ದು. ದಾರ ಸುತ್ತುವ ವಿಧಿ ಈಗಿನ ರೂಪದಲ್ಲಿ ಇನ್ನೂ ಹೊಸದು. ಹಳ್ಳಿಯ ದಾಖಲೆಗಳನ್ನು ತೆಗೆದು ನೋಡಿದರೆ ಕಾಣಿಸುವ ಮದುವೆಯೇ ಬೇರೆ. ಅಲ್ಲಿ ಹಸುಗಳ ಲೆಕ್ಕವಿದೆ, ಜೌಗುನೆಲದ ಪಾಲಿನ ವಿಚಾರವಿದೆ, ವಯಸ್ಸಾದ ಅತ್ತೆ ಮಾವಂದಿರಿಗೆ ಯಾವ ಕೋಣೆ ಬಿಡಬೇಕು ಎಂಬ ಕರಾರಿದೆ.

ಹಾಗಾದರೆ ಐರ್ಲೆಂಡಿನ ಹಳ್ಳಿ ಮದುವೆಯ ಪದ್ಧತಿಗಳು ಎಷ್ಟು ಹಳೆಯವು, ಯಾವುದರ ಸುತ್ತ ಕಟ್ಟಿಕೊಂಡವು? ಈ ಪ್ರಶ್ನೆಗೆ ಜಾನಪದ ಸಂಗ್ರಾಹಕರು, ಮಾನವಶಾಸ್ತ್ರಜ್ಞರು, ಜನಸಂಖ್ಯೆಯ ಇತಿಹಾಸಕಾರರು, ನಾಟಕಕಾರರು ತಮ್ಮತಮ್ಮ ಉತ್ತರ ಕೊಟ್ಟಿದ್ದಾರೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ಪದ್ಧತಿಗಳ ಬೇರು ಇದ್ದದ್ದು ಹೊಲದಲ್ಲಿ. ಮದುವೆಯಾದವರ ಪಾಲಿಗೆ ಬಂದ ಶಾಸ್ತ್ರಗಳಷ್ಟೇ, ಮದುವೆಯಾಗಲಾರದೆ ಉಳಿದವರ ಪಾಲಿಗೆ ಬಂದ ಶಾಸ್ತ್ರಗಳೂ ಈ ಕಥೆಗೆ ಮುಖ್ಯ.

ಮೊದಲು ಆಕರಗಳ ವಿಚಾರ. 1935ರಲ್ಲಿ ಸ್ಥಾಪನೆಯಾದ ಐರಿಷ್ ಜಾನಪದ ಆಯೋಗ 1937ರಿಂದ 1939ರವರೆಗೆ ಒಂದು ವಿಶಿಷ್ಟ ಕೆಲಸ ಮಾಡಿತು. ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳ ಕೈಗೆ ನೋಟ್‌ಪುಸ್ತಕ ಕೊಟ್ಟು, ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದಿತು. ಕೊಟ್ಟ ವಿಷಯಗಳಲ್ಲಿ ಮದುವೆಯ ಪದ್ಧತಿಯೂ ಒಂದು. ಅಜ್ಜಂದಿರು ಹೇಳಿದ್ದು ತಮ್ಮ ಯೌವನದ ಕಾಲದ ಕಥೆ, ಅಂದರೆ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ್ದು. ಇದೇ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನ್ರಾಡ್ ಅರೆನ್ಸ್‌ಬರ್ಗ್ ಮತ್ತು ಸೋಲನ್ ಕಿಂಬಲ್ ಪಶ್ಚಿಮ ತೀರದ ಕ್ಲೇರ್ ಜಿಲ್ಲೆಯಲ್ಲಿ ತಂಗಿ, ಸಣ್ಣ ರೈತರ ಮನೆಗಳನ್ನು ಹತ್ತಿರದಿಂದ ಕಂಡರು. ಅವರ ಪುಸ್ತಕ 1940ರಲ್ಲಿ ಹೊರಬಂತು. ಎರಡೂ ಅಮೂಲ್ಯ ಆಕರಗಳು, ಎರಡಕ್ಕೂ ಮಿತಿಯಿದೆ. ಅಜ್ಜಂದಿರ ನೆನಪಿನಲ್ಲಿ ಮದುವೆ ಯಾವಾಗಲೂ ಇನ್ನಷ್ಟು ಗಮ್ಮತ್ತಿನದು. ಅಮೆರಿಕನ್ ವಿದ್ವಾಂಸರ ಪುಟಗಳಲ್ಲಿ ಎಲ್ಲವೂ ಎಲ್ಲಕ್ಕೂ ಹೊಂದಿಕೊಂಡು, ಊರು ಎಂದರೆ ಕೀಲು ಕೊಟ್ಟ ಗಡಿಯಾರವೇನೋ ಎನ್ನಿಸುತ್ತದೆ. 1973ರಲ್ಲಿ ಪೀಟರ್ ಗಿಬನ್ ಈ ಚಿತ್ರವನ್ನು ಕಟುವಾಗಿ ಟೀಕಿಸಿದರು. ಹಳ್ಳಿಯೊಳಗಿನ ಮೇಲು ಕೀಳು, ಕಿತ್ತಾಟ, ಆಗಲೇ ಶುರುವಾಗಿದ್ದ ಕುಸಿತ ಇವರ ಕಣ್ಣಿಗೆ ಬೀಳಲಿಲ್ಲ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ. ಆದರೂ ಸಂಬಂಧ ಕುದುರಿಸುವ ವ್ಯವಹಾರವನ್ನು ಅರೆನ್ಸ್‌ಬರ್ಗ್‌ನಷ್ಟು ವಿವರವಾಗಿ ಬರೆದಿಟ್ಟವರು ಇನ್ನೊಬ್ಬರಿಲ್ಲ.

ಆ ವ್ಯವಹಾರ ನಡೆಯುತ್ತಿದ್ದದ್ದು ಹೀಗೆ. ಹೊಲ ಯಾವ ಮಗನಿಗೆ ಎಂದು ಅಪ್ಪ ತೀರ್ಮಾನಿಸಿದ ಮೇಲಷ್ಟೇ ಆ ಮಗನಿಗೆ ಹೆಣ್ಣು ಹುಡುಕುವ ಮಾತು. ಹಿರಿಯ ಮಗನೇ ಆಗಬೇಕೆಂಬ ಕಟ್ಟಳೆಯಿಲ್ಲ, ಅಪ್ಪನ ಮರ್ಜಿ. ಮಧ್ಯವರ್ತಿಯೊಬ್ಬ ಹೆಣ್ಣಿನ ಮನೆಗೆ ಮಾತು ಮುಟ್ಟಿಸುತ್ತಾನೆ. ಜಾನುವಾರು ಜಾತ್ರೆಯ ದಿನ ಪೇಟೆಯ ಹೆಂಡದಂಗಡಿಯಲ್ಲಿ ಎರಡೂ ಕಡೆಯವರು ಕೂರುತ್ತಾರೆ. ಹೆಣ್ಣಿನ ಅಪ್ಪ ಕೇಳುವ ಪ್ರಶ್ನೆಗಳು ನೇರ: ಎಷ್ಟು ಹಸು ಮೇಯುವ ನೆಲ? ರಸ್ತೆಗೆ ಎಷ್ಟು ದೂರ? ಮನೆಯಲ್ಲಿ ಮುದುಕರೆಷ್ಟು, ಮದುವೆಯಾಗದ ನಾದಿನಿಯರೆಷ್ಟು? ಗಂಡಿನ ಕಡೆಯವರು ಕೇಳುವುದು ಒಂದೇ, ಹೆಣ್ಣು ಎಷ್ಟು ತರುತ್ತಾಳೆ? ವರದಕ್ಷಿಣೆಯ ಮೊತ್ತ ಗಂಡಿನ ಹೊಲದ ಬೆಲೆಗೆ ತೂಗಬೇಕು. ಮಾತು ಒಂದು ಹದಕ್ಕೆ ಬಂದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಊರಿಗೆ ಹೋಗಿ ಹೊಲವನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡುತ್ತಾರೆ. ಅವತ್ತಿನ ಮಟ್ಟಿಗೆ ನೆರೆಯವನ ದನಗಳನ್ನು ತನ್ನ ಹುಲ್ಲುಗಾವಲಿಗೆ ಅಟ್ಟಿಕೊಂಡ ಚಾಲಾಕಿ ವರನ ಕಥೆಗಳು ಎಷ್ಟೋ ಊರುಗಳಲ್ಲಿ ಚಾಲ್ತಿಯಲ್ಲಿದ್ದವು. ನಡೆದು ನೋಡಿದವರು ಒಪ್ಪಿದರೆ ಎಲ್ಲರೂ ಸೇರಿ ವಕೀಲರ ಬಳಿಗೆ ಹೋಗುತ್ತಿದ್ದರು.

ವಕೀಲರು ಬರೆಯುತ್ತಿದ್ದ ಪತ್ರವೇ ಈ ಮದುವೆಯ ನಿಜವಾದ ಮಂತ್ರ. ಹೊಲ ಮಗನ ಹೆಸರಿಗೆ ಆಗುತ್ತದೆ. ಬದಲಿಗೆ ಅಪ್ಪ ಅಮ್ಮನಿಗೆ ಬದುಕಿರುವ ತನಕ ಮನೆಯ ಪಶ್ಚಿಮದ ಕೋಣೆ, ಒಂದು ಹಸುವಿಗೆ ಮೇವು, ಆಲೂಗಡ್ಡೆಯ ಒಂದಿಷ್ಟು ಸಾಲು, ಒಲೆಗೆ ಉರುವಲು, ಭಾನುವಾರ ಇಗರ್ಜಿಗೆ ಹೋಗುವ ಗಾಡಿಯಲ್ಲಿ ಜಾಗ. ಹೆತ್ತ ಮಗನ ಮನೆಯಲ್ಲಿ ಗಾಡಿಯ ಸೀಟನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕಾಗಿತ್ತೆಂದರೆ, ಅತ್ತೆ ಸೊಸೆಯರ ಸಂಬಂಧದ ಬಗ್ಗೆ ಆ ಜನರಿಗೆ ಯಾವ ಭ್ರಮೆಯೂ ಇರಲಿಲ್ಲ ಎಂದೇ ಅರ್ಥ. 1909ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗ್ ಪಿಂಚಣಿ ಸಿಗತೊಡಗಿದಾಗ, ಆ ಪಿಂಚಣಿಗೆ ಅರ್ಹರಾಗಲೆಂದೇ ಹೊಲ ಬಿಟ್ಟುಕೊಟ್ಟ ಮುದುಕರೂ ಇದ್ದರು. ಸರ್ಕಾರದ ಐದು ಶಿಲಿಂಗ್ ಎಷ್ಟೋ ಮದುವೆಗಳಿಗೆ ದಾರಿ ಮಾಡಿರಬೇಕು.

ಇನ್ನು ಸೊಸೆ ತಂದ ಹಣ. ಅದು ಅವಳ ಕೈಗೂ ಬರುತ್ತಿರಲಿಲ್ಲ, ಗಂಡನ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಅದು ನಾದಿನಿಯ ವರದಕ್ಷಿಣೆಯಾಗಿ ಮೂರನೆಯ ಮನೆಗೆ ಹೋಗುತ್ತಿತ್ತು, ಇಲ್ಲವೇ ಮೈದುನನ ಹಡಗಿನ ಟಿಕೆಟ್ಟಾಗಿ ಅಮೆರಿಕಕ್ಕೆ ಹೋಗುತ್ತಿತ್ತು. ಹೊಲ ಒಬ್ಬ ಮಗನಿಗೆ, ವರದಕ್ಷಿಣೆ ಸಾಮಾನ್ಯವಾಗಿ ಒಬ್ಬ ಮಗಳಿಗೆ. ಉಳಿದ ಐದಾರು ಮಕ್ಕಳಿಗೆ ಬಾಸ್ಟನ್, ನ್ಯೂಯಾರ್ಕ್, ಲಿವರ್‌ಪೂಲ್, ಅಥವಾ ಕನ್ಯಾಮಠ, ಪಾದ್ರಿ ಪಟ್ಟ. ಅದೂ ಆಗದವರು ಅಣ್ಣನ ಮನೆಯಲ್ಲೇ ಸಂಬಳವಿಲ್ಲದ ಆಳುಗಳು.

ಇದೆಲ್ಲ ಅನಾದಿಕಾಲದ್ದೇ? ಇಲ್ಲಿಯೇ ಇತಿಹಾಸಕಾರರ ಜಗಳ. ಕೆನೆತ್ ಕಾನೆಲ್ 1950ರಲ್ಲಿ ಬರೆದ ಪುಸ್ತಕದ ಪ್ರಕಾರ, ಮಹಾಕ್ಷಾಮಕ್ಕೆ ಮುಂಚೆ ಐರಿಷ್ ಬಡವರು ಎಳೆ ವಯಸ್ಸಿನಲ್ಲೇ, ಹಿಂದೆ ಮುಂದೆ ನೋಡದೆ ಮದುವೆಯಾಗುತ್ತಿದ್ದರು. ತುಂಡು ನೆಲದಲ್ಲಿ ಆಲೂಗಡ್ಡೆ ಹಾಕಿದರೆ ಸಂಸಾರ ನಡೆಯುತ್ತಿತ್ತು, ಅಪ್ಪ ತನ್ನ ಗೇಣಿ ನೆಲವನ್ನೇ ಹೋಳು ಮಾಡಿ ಮಕ್ಕಳಿಗೆ ಕೊಡುತ್ತಿದ್ದ. ಆ ವಯಸ್ಸು ಕಾನೆಲ್ ಹೇಳಿದಷ್ಟು ಕಡಿಮೆಯಿರಲಿಲ್ಲ ಎಂದು ಬಳಿಕದವರು ತಿದ್ದಿದ್ದಾರೆ. ಆದರೆ ತಿರುವು ಬಂದದ್ದಂತೂ ನಿಜ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು, ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ 82 ಲಕ್ಷದ ಹತ್ತಿರವಿದ್ದ ಜನಸಂಖ್ಯೆ 1911ಕ್ಕೆ 44 ಲಕ್ಷಕ್ಕೆ ಇಳಿಯಿತು. ಅತಿ ಹೆಚ್ಚು ಸತ್ತವರು ಕೂಲಿಗಳು, ತುಂಡು ನೆಲದವರು. ವರದಕ್ಷಿಣೆ ಇಲ್ಲದೆ ಮೆಚ್ಚಿ ಮದುವೆಯಾಗುತ್ತಿದ್ದ ವರ್ಗವೇ ಅರ್ಧ ಅಳಿಸಿಹೋಯಿತು ಎನ್ನಬಹುದು. ಉಳಿದ ರೈತರು ಹೊಲವನ್ನು ಇನ್ನು ಹೋಳು ಮಾಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡರು. ಆಸ್ತಿವಂತ ರೈತರಲ್ಲಿ ಮೊದಲಿನಿಂದಲೂ ಇದ್ದ ಸಂಬಂಧ ಕುದುರಿಸುವ ಪದ್ಧತಿ ಆಮೇಲೆ ಇಡೀ ಹಳ್ಳಿಗಾಡಿನ ಪದ್ಧತಿಯಾಯಿತು. ಅರೆನ್ಸ್‌ಬರ್ಗ್ ಕಂಡ 'ಸನಾತನ' ಐರ್ಲೆಂಡಿಗೆ ಆಗ ಎಂಬತ್ತು ತೊಂಬತ್ತು ವರ್ಷ, ಅಷ್ಟೇ.

ಪರಿಣಾಮ ವಿಚಿತ್ರ. 1911ರ ಜನಗಣತಿಯಲ್ಲಿ ನಲವತ್ತೈದು ದಾಟಿದವರಲ್ಲಿ ಸುಮಾರು ಕಾಲುಭಾಗ ಮಂದಿ ಮದುವೆಯೇ ಆಗಿರಲಿಲ್ಲ. 1920ರ ದಶಕದ ನಡುವೆ ಮದುಮಗನ ಸರಾಸರಿ ವಯಸ್ಸು 35ರ ಹತ್ತಿರ, ಮದುಮಗಳದು 29. ಅಪ್ಪ ಹೊಲ ಬಿಟ್ಟುಕೊಡುವ ತನಕ ನಲವತ್ತೈದರ ಮಗನನ್ನೂ ಊರು 'ಹುಡುಗ' ಎಂದೇ ಕರೆಯುತ್ತಿತ್ತು. ಪಾದ್ರಿಗಳ ಕಟ್ಟುನಿಟ್ಟೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಟಿಮ್ ಗಿನೇನ್ 1997ರ ತಮ್ಮ ಪುಸ್ತಕದಲ್ಲಿ ಬೇರೆಯದೇ ಲೆಕ್ಕ ಮುಂದಿಟ್ಟರು. ಅವರ ಪ್ರಕಾರ ಮದುವೆಯಾಗದೆ ಉಳಿದವರೆಲ್ಲ ಬಲಿಪಶುಗಳಲ್ಲ. ವಲಸೆ ಹೋಗುವುದು, ಒಂಟಿಯಾಗಿ ಉಳಿಯುವುದು, ಸಿಕ್ಕ ಸಂಬಂಧಕ್ಕೆ ಒಪ್ಪುವುದು ಇವುಗಳ ನಡುವೆ ಅವರು ತೂಗಿ ನೋಡಿ ಆರಿಸಿಕೊಂಡರು. ಲೆಕ್ಕ ಸರಿ ಇರಬಹುದು. ಆದರೆ ಅಣ್ಣನ ಅಡುಗೆಮನೆಯಲ್ಲಿ ಮುದುಕಿಯಾದ ತಂಗಿಗೆ ಆರಿಸಿಕೊಳ್ಳಲು ಏನಿತ್ತು ಎಂಬುದಕ್ಕೆ ಆ ಲೆಕ್ಕದಲ್ಲಿ ನನಗೆ ಉತ್ತರ ಸಿಕ್ಕಿಲ್ಲ.

ಊರಂತೂ ಅಂಥವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ನಮ್ಮ ಕಡೆಯ ಕ್ರೈಸ್ತರು ತಪಸ್ಸುಕಾಲ ಎನ್ನುವ ದಿನಗಳಲ್ಲಿ, ಮದುವೆಗೆ ನಿಷೇಧ. ಹಾಗಾಗಿ ಕ್ರಿಸ್‌ಮಸ್ ಕಾಲದ ಹಬ್ಬಗಳು ಮುಗಿದಂದಿನಿಂದ ವಿಭೂತಿ ಬುಧವಾರದ ಹಿಂದಿನ ದಿನದವರೆಗೆ ಸಂಬಂಧ ಕುದುರಿಸುವ ಭರಾಟೆ, ಆ ಕೊನೆಯ ಮಂಗಳವಾರವಂತೂ ವರ್ಷದಲ್ಲೇ ಅತಿ ಹೆಚ್ಚು ಮದುವೆಗಳ ದಿನ. ಆ ಮಂಗಳವಾರ ದಾಟಿತೋ, ಉಳಿದವರು ಊರಿನ ಬಾಯಿಗೆ ಸಿಕ್ಕರು. ತಪಸ್ಸುಕಾಲದ ಮೊದಲ ಭಾನುವಾರಕ್ಕೆ ಸೀಮೆಸುಣ್ಣದ ಭಾನುವಾರ ಎಂದೇ ಹೆಸರು. ವಯಸ್ಸು ಮೀರಿದ ಅವಿವಾಹಿತರು ಪೂಜೆಗೆ ಹೋಗುವಾಗ ಹುಡುಗರು ಹಿಂದಿನಿಂದ ಬಂದು ಅವರ ಕೋಟಿನ ಬೆನ್ನಿಗೆ ಸೀಮೆಸುಣ್ಣದ ಗೀರು ಎಳೆಯುತ್ತಿದ್ದರು. ಕೆರಿ ಮತ್ತು ಕಾರ್ಕ್ ಜಿಲ್ಲೆಗಳ ಚೇಷ್ಟೆ ಇನ್ನೂ ಒಂದು ಹೆಜ್ಜೆ ಮುಂದು. ಕೆರಿ ತೀರದಾಚೆ ಸಮುದ್ರದ ನಡುವೆ ಸ್ಕೆಲಿಗ್ ಎಂಬ ಕಡಿದಾದ ಬಂಡೆ ದ್ವೀಪವಿದೆ, ಹಿಂದೆ ಅಲ್ಲಿ ಸನ್ಯಾಸಿಗಳಿದ್ದರು. ಆ ಬಂಡೆ ಇನ್ನೂ ಹಳೆಯ ಪಂಚಾಂಗವನ್ನೇ ಪಾಲಿಸುತ್ತದೆ, ಅಲ್ಲಿ ತಪಸ್ಸುಕಾಲ ತಡವಾಗಿ ಶುರುವಾಗುತ್ತದೆ, ಆದ್ದರಿಂದ ಇಲ್ಲಿ ಗಡುವು ತಪ್ಪಿದವರು ಅಲ್ಲಿಗೆ ಹೋಗಿ ಮದುವೆಯಾಗಬಹುದು ಎಂಬುದು ಜನರ ನಂಬಿಕೆ, ಅಥವಾ ನಂಬಿಕೆಯ ಸೋಗು. ಊರಿನ ಯಾರೋ ಕುಕವಿ ರಾತ್ರೋರಾತ್ರಿ ಅವಿವಾಹಿತರ ಹೆಸರುಗಳನ್ನು ಹೊಂದದ ಜೋಡಿಗಳಾಗಿ ಕಟ್ಟಿ, ಯಾರು ಯಾರ ಜೊತೆ ಸ್ಕೆಲಿಗ್‌ಗೆ ಹೊರಟರು ಎಂದು ಪದ್ಯ ಬರೆದು ಹಂಚುತ್ತಿದ್ದ. ಕಾರ್ಕ್‌ನಲ್ಲಿ ಇಂಥ ಪಟ್ಟಿಗಳು ಅಚ್ಚಾಗಿ ಬೀದಿಯಲ್ಲೂ ಓಡಾಡಿದವು. ಕೆವಿನ್ ಡಾನಹರ್ 1972ರ ತಮ್ಮ ಪುಸ್ತಕದಲ್ಲಿ ಇವನ್ನೆಲ್ಲ ವರ್ಷಚಕ್ರದ ವಿನೋದಗಳ ಸಾಲಿನಲ್ಲಿ ವಿವರಿಸಿದ್ದಾರೆ. ವಿನೋದವೇನೋ ಹೌದು, ಆದರೆ ಹೊಲ ಸಿಗದ ತಪ್ಪಿಗೆ ಬೆನ್ನ ಮೇಲೆ ಗೀರು ಹೊತ್ತು ನಡೆದವರಿಗೆ ನಗು ಬಂದಿರಲಿಕ್ಕಿಲ್ಲ.

ಮದುವೆಯ ದಿನದ ಶಾಸ್ತ್ರಗಳ ವಿಚಾರಕ್ಕೆ ಬಂದರೆ, ಬಣ್ಣ ಹೆಚ್ಚು, ಜಿಲ್ಲೆಯಿಂದ ಜಿಲ್ಲೆಗೆ ವ್ಯತ್ಯಾಸವೂ ಹೆಚ್ಚು. ಕ್ಷಾಮಕ್ಕೆ ಮುಂಚೆ ಕ್ಯಾಥೊಲಿಕ್ ಮದುವೆ ಸಾಮಾನ್ಯವಾಗಿ ಹೆಣ್ಣಿನ ಮನೆಯಲ್ಲೇ, ಸಂಜೆಯ ಹೊತ್ತು. ಊಟದ ಮಧ್ಯೆ ನೆಂಟರಿಂದ ಪಾದ್ರಿಗೆ ಹಣ ಕೂಡಿಸುತ್ತಿದ್ದರು, ಆತನ ವರ್ಷದ ಆದಾಯದಲ್ಲಿ ಮದುವೆಗಳದ್ದೇ ದೊಡ್ಡ ಪಾಲು. 1850ರ ಥರ್ಲ್ಸ್ ಧರ್ಮಸಭೆಯ ನಂತರ ಬಿಷಪ್‌ಗಳು ಮದುವೆಯನ್ನು ಇಗರ್ಜಿಯೊಳಗೆ ಎಳೆದುತಂದರು, ನಿಧಾನವಾಗಿ. ಇಗರ್ಜಿಯಿಂದ ಮನೆಗೆ ಹಿಂತಿರುಗುವಾಗ ಯುವಕರು ಕುದುರೆ ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಮೊದಲು ಮನೆ ಮುಟ್ಟಿದವನಿಗೆ ವಿಸ್ಕಿ ಬಾಟಲಿ. ಉತ್ತರದ ಅಲ್ಸ್ಟರ್‌ನಲ್ಲಿ ದಾರಿಯುದ್ದಕ್ಕೂ ಬಂದೂಕು ಹಾರಿಸುವ ರೂಢಿಯೂ ಇತ್ತು. ಹೊಸ್ತಿಲಲ್ಲಿ ಅತ್ತೆ ಓಟ್ಸ್ ರೊಟ್ಟಿಯನ್ನು ಸೊಸೆಯ ತಲೆಯ ಮೇಲೆ ಮುರಿಯುವುದು, ಕೆಲವೆಡೆ ಒಲೆಯ ಇಕ್ಕಳವನ್ನು ಅವಳ ಕೈಗೆ ಕೊಡುವುದು. ಒಲೆಯ ಯಜಮಾನಿಕೆ ಕೈ ಬದಲಾಯಿತು ಎಂದು ಊರ ಮುಂದೆ ಸಾರಿದಂತೆ. ಆ ಯಜಮಾನಿಕೆ ನಿಜವಾಗಿ ಬಿಟ್ಟುಕೊಡಲು ಅತ್ತೆಗೆ ಎಷ್ಟು ವರ್ಷ ಹಿಡಿಯುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಕುತೂಹಲದ್ದು ಹುಲ್ಲಿನ ಹುಡುಗರ ಆಗಮನ. ರಾತ್ರಿ ಕುಣಿತ ರಂಗೇರಿದಾಗ ಬಾಗಿಲಲ್ಲಿ ಒಂದು ಗುಂಪು. ಮುಖ ಮುಚ್ಚುವ ಶಂಕುವಿನಾಕಾರದ ಹುಲ್ಲಿನ ಟೊಪ್ಪಿಗೆ, ಮೈಗೂ ಹುಲ್ಲು, ಕೆಲವರು ಹೆಂಗಸರ ಉಡುಪಿನಲ್ಲಿ. ಕರೆಯದೆ ಬಂದವರು, ಅವರಿಗೊಬ್ಬ ನಾಯಕ. ನಾಯಕ ಮದುಮಗಳೊಂದಿಗೆ ಕುಣಿಯುತ್ತಾನೆ, ಉಳಿದವರು ನೆರೆದ ಹೆಂಗಸರೊಂದಿಗೆ. ಕುಡಿಯಲು ಕೊಟ್ಟದ್ದನ್ನು ಕುಡಿದು, ದಂಪತಿಗೆ ಒಳ್ಳೆಯದು ಹಾರೈಸಿ, ಮುಖ ತೋರಿಸದೆ ಹೊರಟುಬಿಡುತ್ತಾರೆ. ಸರಿಯಾಗಿ ಸ್ವಾಗತಿಸದಿದ್ದರೆ ಅವರ ಕಿಡಿಗೇಡಿತನಕ್ಕೆ ಮನೆಯವರು ಸಿದ್ಧರಿರಬೇಕು. ಫಲವಂತಿಕೆಯ ಪ್ರಾಚೀನ ಆಚರಣೆಯ ಪಳೆಯುಳಿಕೆ ಎಂದು ಇದನ್ನು ವ್ಯಾಖ್ಯಾನಿಸುವವರುಂಟು. ಹುಲ್ಲು, ಸುಗ್ಗಿ, ಸಂತಾನ ಎಂದು ಸುಲಭವಾಗಿ ಪೋಣಿಸಬಹುದು. ನನಗೆ ಹೆಚ್ಚು ಒಪ್ಪಿಗೆಯಾಗುವುದು ಕಣ್ಣೆದುರಿನ ಕಾರಣ: ಆ ಟೊಪ್ಪಿಗೆಯೊಳಗೆ ಇದ್ದವರು ಹೆಚ್ಚಾಗಿ ಮದುವೆಯಾಗದ, ಔತಣಕ್ಕೆ ಕರೆ ಬಾರದ ಯುವಕರು. ಊರಿನ ಒಂದು ಮನೆಯ ಸಂತೋಷದಲ್ಲಿ ತಮಗೂ ಪಾಲುಂಟೆಂದು ಕೇಳಲು ಅವರಿಗಿದ್ದ ಮಾನ್ಯ ಉಪಾಯ ಇದೊಂದೇ.

ಪ್ರಾಚೀನತೆಯ ವಾದಕ್ಕೆ ಬುಡವೇ ಇಲ್ಲವೆಂದಲ್ಲ. ಕ್ರಿ.ಶ. 700ರ ಸುಮಾರಿನ 'ಕಾಯಿನ್ ಲಾನವ್ನಾ' ಎಂಬ ಐರಿಷ್ ಕಾನೂನು ಗ್ರಂಥ ದಾಂಪತ್ಯದ ಬಗೆಗಳನ್ನು ಪಟ್ಟಿ ಮಾಡುತ್ತದೆ, ವಿಚ್ಛೇದನಕ್ಕೂ ಅವಕಾಶ ಕೊಡುತ್ತದೆ. ಆ ಪಟ್ಟಿ ಶುರುವಾಗುವುದೇ ಆಸ್ತಿಯಿಂದ: ಇಬ್ಬರೂ ಸಮನಾಗಿ ತಂದ ದಾಂಪತ್ಯ, ಗಂಡಸಿನ ಆಸ್ತಿಯ ಮೇಲೆ ನಿಂತ ದಾಂಪತ್ಯ, ಹೆಂಗಸಿನ ಆಸ್ತಿಯ ಮೇಲೆ ನಿಂತ ದಾಂಪತ್ಯ. ಆಗ ಮುಖ್ಯ ಕೊಡುಗೆ ಗಂಡಿನ ಕಡೆಯಿಂದ ಹೆಣ್ಣಿನ ಕಡೆಗೆ ಹೋಗುತ್ತಿತ್ತು, ಸಾವಿರ ವರ್ಷದಾಚೆ ಹರಿವು ತಿರುಗಿತು. ಮೀತ್ ಜಿಲ್ಲೆಯ ಟೆಲ್ಟೌನ್‌ನಲ್ಲಿ ಜೋಡಿಗಳು ಕೈಹಿಡಿದು ಒಂದು ವರ್ಷ ಒಂದು ದಿನ ಬಾಳಿ, ಒಗ್ಗದಿದ್ದರೆ ಅಲ್ಲಿಗೇ ಬಂದು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಒಬ್ಬರು ಉತ್ತರಕ್ಕೆ ಒಬ್ಬರು ದಕ್ಷಿಣಕ್ಕೆ ನಡೆದುಹೋಗುತ್ತಿದ್ದರೆಂಬ ಮಾತನ್ನು 1836ರಲ್ಲಿ ಜಾನ್ ಓಡೊನೊವನ್ ಸ್ಥಳೀಯರಿಂದ ಕೇಳಿ ಬರೆದುಕೊಂಡರು. ಇಂದಿನ ದಾರ ಸುತ್ತುವ ವಿಧಿಯ ಪ್ರತಿಪಾದಕರು ಈ ಕಥೆಯನ್ನೇ ಹಿಡಿದುಕೊಳ್ಳುತ್ತಾರೆ. ಕಥೆ ಚೆನ್ನಾಗಿದೆ. ಅದರ ಮೇಲೆ ಇಡೀ ಪರಂಪರೆಯೊಂದನ್ನು ಕಟ್ಟುವಷ್ಟು ಭಾರ ಅದು ತಡೆಯದು.

ಕ್ಲೇರ್‌ನ ಚಿತ್ರವನ್ನೇ ಇಡೀ ದೇಶಕ್ಕೆ ಹೊದಿಸುವವರಿಗೆ ಡೊನೆಗಾಲ್ ತೀರದ ಟೋರಿ ದ್ವೀಪ ಒಳ್ಳೆಯ ಮದ್ದು. 1960ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ರಾಬಿನ್ ಫಾಕ್ಸ್ ಕಂಡ ಪ್ರಕಾರ, ಅಲ್ಲಿ ನೆಲದ ಹಕ್ಕು ಎಲ್ಲ ಮಕ್ಕಳಿಗೂ. ಎಷ್ಟೋ ಜೋಡಿಗಳು ಮದುವೆಯಾದ ಮೇಲೂ ಗಂಡ ತನ್ನ ತಾಯಿಯ ಮನೆಯಲ್ಲಿ, ಹೆಂಡತಿ ತನ್ನ ತಾಯಿಯ ಮನೆಯಲ್ಲಿ ಉಳಿಯುತ್ತಿದ್ದರು. ತೌರು ಬಿಟ್ಟು ಬಾ ಎಂದು ಕರೆಯುವಷ್ಟು ಹೊಲ ಯಾರ ಬಳಿಯೂ ಇರಲಿಲ್ಲ, ವಯಸ್ಸಾದ ತಾಯಿಯನ್ನು ಬಿಟ್ಟುಹೋಗುವ ಮನಸ್ಸೂ ಇರಲಿಲ್ಲ. ವರದಕ್ಷಿಣೆಗೆ ಅಲ್ಲಿ ಕೆಲಸವೇ ಇಲ್ಲ. ನೆಲದ ವ್ಯವಸ್ಥೆ ಬದಲಾದರೆ ಮದುವೆಯ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಹೆಣ್ಣಿನ ದನಿ ಈ ದಾಖಲೆಗಳಲ್ಲಿ ಕೇಳಿಸುವುದು ಕಡಿಮೆ. ಮಕ್ಕಳಾಗದ ಸೊಸೆಯನ್ನು ತೌರಿಗೆ ಅಟ್ಟಿಬಿಡುತ್ತಿದ್ದ, ಕಾನೂನಿನ ಲೆಕ್ಕಕ್ಕೆ ಸಿಗದ 'ಹಳ್ಳಿ ವಿಚ್ಛೇದನ'ವನ್ನು ಅರೆನ್ಸ್‌ಬರ್ಗ್ ದಾಖಲಿಸುತ್ತಾರೆ, ಅವಳು ಏನೆಂದಳು ಎಂಬುದನ್ನಲ್ಲ. ಆ ಕೊರತೆಯನ್ನು 2020ರಲ್ಲಿ ಬಂದ ಮರಿಯಾ ಲಡಿ ಮತ್ತು ಮೇರಿ ಓಡೌಡ್ ಅವರ ಇತಿಹಾಸ ಬಹುಮಟ್ಟಿಗೆ ತುಂಬಿದೆ. ಅದಕ್ಕೂ ಮುಂಚೆ ಈ ದನಿಗೆ ಕಿವಿಗೊಟ್ಟವರು ಸಾಹಿತಿಗಳು. ಕ್ಲೇರ್‌ನವನೇ ಆದ ಬ್ರಿಯನ್ ಮೆರಿಮನ್ 1780ರ ಸುಮಾರಿಗೆ ಐರಿಷ್ ಭಾಷೆಯಲ್ಲಿ ಬರೆದ 'ನಡುರಾತ್ರಿಯ ನ್ಯಾಯಸಭೆ' ಕಾವ್ಯದಲ್ಲಿ ಹೆಂಗಸರು ಮದುವೆಗೆ ಹಿಂದೇಟು ಹಾಕುವ ಗಂಡಸರನ್ನು ಕಟಕಟೆಗೆ ಎಳೆಯುತ್ತಾರೆ. ಅಂದರೆ ಗಂಡಸರ ಈ ಹಿಂಜರಿಕೆ ಕ್ಷಾಮದಿಂದಲೇ ಹುಟ್ಟಿದ್ದಲ್ಲ ಎಂಬ ಅನುಮಾನಕ್ಕೂ ಆ ಕಾವ್ಯ ಎಡೆ ಕೊಡುತ್ತದೆ. ಮೊನಹನ್ ಜಿಲ್ಲೆಯ ಪ್ಯಾಟ್ರಿಕ್ ಕ್ಯಾವನಾ 1942ರಲ್ಲಿ ತಾಯಿಗೂ ಹೊಲಕ್ಕೂ ಕಟ್ಟುಬಿದ್ದು ಒಂಟಿಯಾಗಿಯೇ ಮುದುಕನಾದ ರೈತನ ಮೇಲೆ ದೀರ್ಘ ಕಾವ್ಯ ಬರೆದ. 1959ರ ಜಾನ್ ಬಿ. ಕೀನ್ ನಾಟಕ 'ಸೈವ್'ನಲ್ಲಿ ಮಧ್ಯವರ್ತಿಯೊಬ್ಬ ಹದಿಹರೆಯದ ಅನಾಥ ಹುಡುಗಿಯನ್ನು ಮುದುಕ ರೈತನಿಗೆ ಗಂಟುಹಾಕಲು ಹೊರಡುತ್ತಾನೆ, ಅದು ಹುಡುಗಿಯ ಸಾವಿನಲ್ಲಿ ಮುಗಿಯುತ್ತದೆ. ಇದಕ್ಕೆ ಏಳು ವರ್ಷ ಮುಂಚೆ ಹಾಲಿವುಡ್‌ನ 'ದ ಕ್ವಯಟ್ ಮ್ಯಾನ್' ಇದೇ ಮಧ್ಯವರ್ತಿ, ಇದೇ ವರದಕ್ಷಿಣೆಯನ್ನು ಹಸಿರು ಬೆಟ್ಟಗಳ ನಡುವಿನ ಹಾಸ್ಯವಾಗಿಸಿತ್ತು. ಪ್ರವಾಸಿಗರು ನೋಡಿದ್ದು ಸಿನಿಮಾವನ್ನು.

1960ರ ದಶಕದಿಂದ ಈ ವ್ಯವಸ್ಥೆ ಬೇಗ ಕಳಚಿಕೊಂಡಿತು. ಹೊಲಕ್ಕೆ ಕಾಯದೆ ಕಾರ್ಖಾನೆಯ, ಕಚೇರಿಯ ಸಂಬಳ ಸಿಗತೊಡಗಿತು, 1967ರಿಂದ ಪ್ರೌಢಶಿಕ್ಷಣ ಉಚಿತವಾಯಿತು, ಕುಣಿತದ ಹಾಲ್‌ಗಳಿಗೆ ಸೈಕಲ್ಲು, ಕಾರುಗಳಲ್ಲಿ ಹೋದವರು ತಮ್ಮ ಜೋಡಿಯನ್ನು ತಾವೇ ಆರಿಸಿಕೊಂಡರು. 1965ರ ಉತ್ತರಾಧಿಕಾರ ಕಾನೂನು ಹೆಂಡತಿಗೆ ಗಂಡನ ಆಸ್ತಿಯಲ್ಲಿ ತಪ್ಪಿಸಲಾಗದ ಪಾಲು ಕೊಟ್ಟಿತು. ಹೆಣ್ಣುಮಕ್ಕಳು ಪೇಟೆಗೆ, ಪರದೇಶಕ್ಕೆ ಹೋದರು. ಹೊಲ ಸಿಕ್ಕ ಗಂಡಸರಿಗೆ ಹೆಣ್ಣು ಸಿಗಲಿಲ್ಲ. ಕ್ಲೇರ್‌ನ ಲಿಸ್ಡೂನ್‌ವಾರ್ನದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ನಡೆಯುವ ಜೋಡಿ ಕೂಡಿಸುವ ಉತ್ಸವಕ್ಕೆ ಇಂದು ಸಾವಿರಾರು ಜನ ಸೇರುತ್ತಾರೆ, ಬಹುಪಾಲು ಮಂದಿ ಸಂಗೀತಕ್ಕಾಗಿ. ಹುಲ್ಲಿನ ಹುಡುಗರು ಲೀಟ್ರಿಮ್, ಮೇಯೋ, ಕ್ಲೇರ್ ಕಡೆ ಈಗಲೂ ಮದುವೆ ಮನೆಗೆ ಬರುತ್ತಾರೆ, ಎಷ್ಟೋ ಸಲ ಮೊದಲೇ ಹೇಳಿ ಕರೆಸಿಕೊಂಡವರಾಗಿ. ಮಳೆ ಬಾರದಿರಲೆಂದು ಹಿಂದಿನ ರಾತ್ರಿ ಪ್ರಾಗ್‌ನ ಬಾಲಯೇಸುವಿನ ಪ್ರತಿಮೆಯನ್ನು ಅಂಗಳದಲ್ಲಿಡುವ ರೂಢಿ, ಇಗರ್ಜಿಗೆ ಕಾಲಿಡದವರ ಮನೆಯಲ್ಲೂ ಉಳಿದಿದೆ. ಪ್ರತಿಮೆಯ ತಲೆ ಮುರಿದಿದ್ದರೆ ಇನ್ನೂ ಶುಭವಂತೆ. ಮದುಮಗನ ಸರಾಸರಿ ವಯಸ್ಸು ಮತ್ತೆ ಏರಿ 36 ದಾಟಿದೆ. ಈ ಸಲ ಕಾಯಿಸುತ್ತಿರುವುದು ಓದು, ಉದ್ಯೋಗ, ಮನೆಯ ಬೆಲೆ.

ಹೊಲದ ಚಿಂತೆ ಮಾತ್ರ ಮದುವೆಯನ್ನು ಪೂರ್ತಿ ಬಿಟ್ಟುಹೋಗಲಿಲ್ಲ. 1937ರ ಸಂವಿಧಾನ ವಿಚ್ಛೇದನವನ್ನು ನಿಷೇಧಿಸಿತ್ತು. 1986ರಲ್ಲಿ ಆ ನಿಷೇಧ ತೆಗೆಯಲು ಜನಮತ ಕೇಳಿದಾಗ, ಎರಡನೆಯ ಹೆಂಡತಿ ಬಂದರೆ ಹೊಲ ಯಾರ ಪಾಲಾದೀತು ಎಂಬ ಹೆದರಿಕೆ ಹಳ್ಳಿಗಾಡಿನ ಪ್ರಚಾರದಲ್ಲಿ ಧರ್ಮದಷ್ಟೇ ಜೋರಾಗಿ ಕೇಳಿಸಿತು, ಪ್ರಸ್ತಾವ ಬಿದ್ದುಹೋಯಿತು. 1995ರಲ್ಲಿ ಅದು ಗೆದ್ದದ್ದು ಸುಮಾರು ಒಂಬತ್ತು ಸಾವಿರ ಮತಗಳ ಅಂತರದಿಂದ. ಆಮೇಲೆ ಮದುವೆಗೆ ಮುಂಚಿನ ಆಸ್ತಿ ಒಪ್ಪಂದಗಳಿಗೆ ಕಾನೂನಿನ ಬಲ ಕೊಡಿ ಎಂಬ ಒತ್ತಾಯ ಶುರುವಾಯಿತು, ಅದರಲ್ಲಿ ರೈತ ಸಂಘಟನೆಗಳೂ ದನಿಗೂಡಿಸಿದವು. ಸರ್ಕಾರ ನೇಮಿಸಿದ ಅಧ್ಯಯನ ತಂಡ 2007ರಲ್ಲಿ ವರದಿ ಕೊಟ್ಟಿತು. ನ್ಯಾಯಾಲಯಗಳನ್ನು ಕಟ್ಟಿಹಾಕುವ ಬಲ ಆ ಒಪ್ಪಂದಗಳಿಗೆ ಇನ್ನೂ ಸಿಕ್ಕಿಲ್ಲ. ಆದರೂ ಹೊಲವಿರುವ ಮನೆಯ ಮದುವೆಗೆ ಮುಂಚೆ ವಕೀಲರನ್ನು ಕಂಡು ಬರುವ ಅಪ್ಪಂದಿರು ಐರ್ಲೆಂಡಿನಲ್ಲಿ ಈಗಲೂ ಇದ್ದಾರೆ.